ಟ್ರೇಲರ್ ಎಳೆಯಲು ಯಾವ ಎಂಜಿನ್‌ನ ಪಿಕಪ್? ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ನನಗೆ ಫೋನ್ ಕರೆಗಳು ಶುರುವಾಗುತ್ತವೆ. ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ಸುತ್ತಮುತ್ತ ಇರುವ ಕನ್ನಡದ ಮನೆಗಳಲ್ಲಿ ಯಾರಾದರೊಬ್ಬರು ಆ ವರ್ಷ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮೇಲಿನ ಮನೆ) ಕೊಳ್ಳಲು ಹೊರಟಿರುತ್ತಾರೆ. ಅದನ್ನು ಎಳೆಯಲು ಪಿಕಪ್ ಬೇಕು, ಆ ಪಿಕಪ್ ಉಳಿದ ದಿನ ಕಚೇರಿಗೂ ಹೋಗಿ ಬರಬೇಕು, ಪೆಟ್ರೋಲ್ ಬಿಲ್ ಕೈಮೀರಬಾರದು. ಹನ್ನೊಂದು ಬೇಸಿಗೆ ಈ ಬೆಟ್ಟಗಳಲ್ಲಿ ಟ್ರೇಲರ್ ಎಳೆದಿದ್ದೇನೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಒಂದೆಡೆ ಬರೆದಿಟ್ಟರೆ ಅನುಕೂಲವೆಂದು ಇದನ್ನು ಬರೆದಿದ್ದೇನೆ. ಲೆಕ್ಕಗಳೆಲ್ಲ ಇಲ್ಲಿನ ಮೈಲಿ, ಗ್ಯಾಲನ್, ಪೌಂಡ್‌ಗಳಲ್ಲಿವೆ. ಊರಿನ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕೆಂದರೆ ಗ್ಯಾಲನ್‌ಗೆ 20 ಮೈಲಿ ಎಂದರೆ ಲೀಟರ್‌ಗೆ ಸುಮಾರು 8.5 ಕಿಲೋಮೀಟರ್, 1,000 ಪೌಂಡ್ ಎಂದರೆ ಸುಮಾರು 454 ಕಿಲೋ.

ಸುತ್ತಿ ಬಳಸಿ ಬೇಡ. ಯಾವ ಎಂಜಿನ್ ಒಳ್ಳೆಯದು?

ನೀವು ಏನನ್ನು ಎಳೆಯುತ್ತೀರಿ, ವರ್ಷದಲ್ಲಿ ಎಷ್ಟು ದಿನ ಎಳೆಯುತ್ತೀರಿ ಎಂದು ಹೇಳಿ, ಆಮೇಲೆ ಎಂಜಿನ್ ಹೆಸರು ಹೇಳುತ್ತೇನೆ. ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರು ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಎಳೆಯುತ್ತಾರೆ. ಉಳಿದ ದಿನಗಳಲ್ಲಿ ಟ್ರಕ್ಕು ಖಾಲಿಯಾಗಿಯೇ ಓಡುತ್ತದೆ. ಅಂಥವರು ಆ ಇಪ್ಪತ್ತು ದಿನದ ಭಯದಲ್ಲಿ ಅತಿ ದೊಡ್ಡ ಎಂಜಿನ್ ಕೊಂಡು ಮುನ್ನೂರೈವತ್ತು ದಿನ ಅದಕ್ಕೆ ಇಂಧನ ಸುರಿಯುವುದು ಬೇಡ. ವರ್ಷವಿಡೀ ಎಳೆಯುವವರು ಮೈಲೇಜ್‌ನ ಆಸೆಗೆ ಚಿಕ್ಕದನ್ನು ಕೊಳ್ಳುವುದೂ ಬೇಡ.

ನನ್ನ ಟ್ರೇಲರ್‌ನ ನಿಜವಾದ ತೂಕ ತಿಳಿಯುವುದು ಹೇಗೆ? ಕಂಪನಿಯವರು 5,400 ಪೌಂಡ್ ಎಂದು ಬರೆದಿದ್ದಾರೆ.

ಅದು ಕಾರ್ಖಾನೆಯಿಂದ ಹೊರಬಂದ ಖಾಲಿ ಟ್ರೇಲರ್‌ನ ತೂಕ. ನೀರಿನ ಟ್ಯಾಂಕ್ 40 ಗ್ಯಾಲನ್‌ನದಾದರೆ ನೀರೊಂದೇ 330 ಪೌಂಡ್ ದಾಟುತ್ತದೆ. ಅದರ ಮೇಲೆ ಎರಡು ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ ಹೊದಿಕೆ, ಪಾತ್ರೆ, ಕುಕ್ಕರ್, ಒಂದು ಮೂಟೆ ಅಕ್ಕಿ, ಮಕ್ಕಳ ಸಾಮಾನು. ನನ್ನ 5,400 ಪೌಂಡ್‌ನ ಟ್ರೇಲರ್ ಪ್ರವಾಸಕ್ಕೆ ಸಿದ್ಧವಾಗಿ ನಿಂತಾಗ 6,800 ತೂಗಿತು. ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಯಂತ್ರ ಇರುತ್ತದೆ. ಸ್ವಲ್ಪವೇ ದುಡ್ಡು ತೆಗೆದುಕೊಂಡು ಒಂದೊಂದು ಅಚ್ಚಿನ ಮೇಲೆ ಎಷ್ಟು ಭಾರವಿದೆ ಎಂದು ಚೀಟಿ ಕೊಡುತ್ತಾರೆ. ಇನ್ನೂ ಟ್ರೇಲರ್ ಕೊಂಡಿಲ್ಲವಾದರೆ ಖಾಲಿ ತೂಕಕ್ಕೆ 1,200ರಿಂದ 1,500 ಪೌಂಡ್ ಸೇರಿಸಿ ಲೆಕ್ಕ ಹಾಕಿ.

ಜಾಹೀರಾತಿನಲ್ಲಿ ಈ ಟ್ರಕ್ 13,000 ಪೌಂಡ್ ಎಳೆಯುತ್ತದೆ ಎಂದಿದೆ. ನನ್ನದು 7,000 ಅಷ್ಟೇ. ಇನ್ನೇನು ಯೋಚನೆ?

ಇದೊಂದು ಪ್ರಶ್ನೆಗೆ ಉತ್ತರ ಓದಿ ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ. ಜಾಹೀರಾತಿನ ಅಂಕಿ ಆ ಮಾದರಿಯಲ್ಲೇ ಅತಿ ಹೆಚ್ಚು ಎಳೆಯುವಂತೆ ಜೋಡಿಸಿದ ಟ್ರಕ್ಕಿನದು. ಸರಿಯಾದ ಎಂಜಿನ್, ಸರಿಯಾದ ಆಕ್ಸಲ್ (ಅಚ್ಚು), ವಿಶೇಷ ಪ್ಯಾಕೇಜು, ಒಳಗೆ ತಲಾ 150 ಪೌಂಡ್‌ನ ಇಬ್ಬರು ಮಾತ್ರ. ಶೋರೂಮಿನಲ್ಲಿ ನಿಮ್ಮ ಮುಂದೆ ನಿಂತಿರುವ ಟ್ರಕ್ಕು ಅದಲ್ಲ.

ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಹಳದಿ ಪಟ್ಟಿಯ ಚೀಟಿ ನೋಡಿ. ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದು ಆ ಒಂದು ಟ್ರಕ್ಕಿಗೆ ಮಾತ್ರ ಸಲ್ಲುವ ಅಂಕಿ. ಪಕ್ಕದಲ್ಲಿ ನಿಂತ ಅದೇ ಬಣ್ಣದ ಟ್ರಕ್ಕಿನ ಚೀಟಿಯಲ್ಲಿ ಬೇರೆ ಇರಬಹುದು. ಟ್ರೇಲರ್‌ನ ಮೂತಿ ಟ್ರಕ್ಕಿನ ಹಿಂಬದಿಯ ಮೇಲೆ ಒತ್ತುವ ಭಾರವೂ ಈ ಲೆಕ್ಕದಲ್ಲೇ ಬರುತ್ತದೆ.

ಎತ್ತಿನ ಗಾಡಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಲ್ಲನ್ನೋ ಗೊಬ್ಬರವನ್ನೋ ಹಿಂದಕ್ಕೆ ಜಾಸ್ತಿ ಹೇರಿದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತಿನ ಕೊರಳಿಗೆ ಸಿಕ್ಕಿಕೊಳ್ಳುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರ್‌ನ ಕಥೆಯೂ ಹೀಗೆಯೇ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂತಿಯ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲದಂತೆ ಓಲಾಡುತ್ತದೆ. ಆ ಓಲಾಟ ಒಮ್ಮೆ ಹಿಡಿದರೆ ಟ್ರಕ್ಕನ್ನೂ ಉರುಳಿಸಬಲ್ಲದು.

ನನ್ನ ಮನೆಯ ಲೆಕ್ಕ ಹೇಳುತ್ತೇನೆ. 6,800 ಪೌಂಡ್ ಟ್ರೇಲರ್‌ಗೆ ನೂರಕ್ಕೆ 13ರಂತೆ ಮೂತಿಭಾರ 884. ಭಾರ ಹಂಚುವ ಹಿಚ್ (ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವ ಕೊಂಡಿ) 90. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಸೇರಿ 465. ಐಸ್ ಪೆಟ್ಟಿಗೆ, ಮಡಿಸುವ ಕುರ್ಚಿಗಳು, ಎರಡು ಸೈಕಲ್ಲು 140. ಒಟ್ಟು 1,579. ನನ್ನ ಮೊದಲ ಪಿಕಪ್ಪಿನ ಚೀಟಿಯಲ್ಲಿ ಇದ್ದದ್ದು 1,460. ಮಾರಾಟಗಾರ ಆ ಚೀಟಿಯ ಸುದ್ದಿಯನ್ನೇ ಎತ್ತಲಿಲ್ಲ. 11,000 ಪೌಂಡ್ ಎಳೆಯುತ್ತದೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದ. ಆ ಬೇಸಿಗೆ ಊರಿನಿಂದ ಅಪ್ಪ ಅಮ್ಮ ಬಂದಿದ್ದರು, ಅವರನ್ನೂ ಕೂರಿಸಿಕೊಂಡು ಹೊರಟೆವು. ಇನ್ನೂ 290 ಪೌಂಡ್. ಟ್ರಕ್ಕಿನ ಹಿಂಭಾಗ ಕುಕ್ಕರಿಸಿತ್ತು, ಮೂತಿ ಆಕಾಶ ನೋಡುತ್ತಿತ್ತು, ಸ್ಟಿಯರಿಂಗ್ ಹಗುರಾಗಿ ನೀರಿನ ಮೇಲೆ ತೇಲಿದಂತೆ ಆಗುತ್ತಿತ್ತು. ಕತ್ತಲಾದ ಮೇಲೆ ಹೆಡ್‌ಲೈಟ್ ರಸ್ತೆಯ ಬದಲು ಪೈನ್ ಮರಗಳ ನೆತ್ತಿಗೆ ಬೀಳುತ್ತಿತ್ತು. ಹಿಂದೆ ಕುಳಿತ ಅಪ್ಪ ಒಂದು ಮಾತೂ ಆಡದೆ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಎಂಜಿನ್ ಮಾತ್ರ ಯಾವ ತಕರಾರೂ ಇಲ್ಲದೆ ಎಳೆಯುತ್ತಿತ್ತು. ಎಂಜಿನ್‌ಗೆ ಶಕ್ತಿ ಇದೆಯೆಂದ ಮಾತ್ರಕ್ಕೆ ಟ್ರಕ್ಕಿಗೆ ಶಕ್ತಿ ಇದೆಯೆಂದಲ್ಲ ಎಂಬುದು ನನಗೆ ತಿಳಿದದ್ದು ಆ ರಾತ್ರಿ.

ಇನ್ನೊಂದು ವಿಷಯ: ಗಾಜಿನ ದೊಡ್ಡ ಛಾವಣಿ, ತಾನೇ ಇಳಿಯುವ ಮೆಟ್ಟಿಲು, ತಂಪು ಮಾಡುವ ಸೀಟು, ದೊಡ್ಡ ಚಕ್ರ ಎಲ್ಲವೂ ಈ ಚೀಟಿಯ ಅಂಕಿಯನ್ನು ತಿನ್ನುತ್ತವೆ. ದುಬಾರಿ ಮಾದರಿಗಿಂತ ಸಾದಾ ಮಾದರಿಯೇ ಹೆಚ್ಚು ಹೊರುತ್ತದೆ.

ಟಾರ್ಕ್ ನೋಡಬೇಕೋ, ಎಚ್‌ಪಿ ನೋಡಬೇಕೋ?

ಎರಡನ್ನೂ. ಟಾರ್ಕ್ ಎಂದರೆ ಎಂಜಿನ್ ತಿರುಗಿಸುವ ಬಲ, ಎಚ್‌ಪಿ ಎಂದರೆ ಆ ಬಲದಿಂದ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬ ಅಳತೆ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ನೋಡಿದ್ದೀರಲ್ಲ. ಐವತ್ತು ಎಚ್‌ಪಿ ಕೂಡ ಇಲ್ಲದ ಎಂಜಿನ್ ಕಬ್ಬು ಹೇರಿದ ಟ್ರೇಲರ್ ಎಳೆದುಕೊಂಡು ಹೋಗುತ್ತದೆ. ಅದು ಟಾರ್ಕ್ ಮತ್ತು ಗೇರಿನ ಕೆಲಸ. ಆದರೆ ಅದು ಹೋಗುವುದು ಮನುಷ್ಯ ಓಡುವ ವೇಗದಲ್ಲಿ. ಅದೇ ಭಾರವನ್ನು ಬೆಟ್ಟದ ಮೇಲೆ ಗಂಟೆಗೆ 60 ಮೈಲಿ ವೇಗದಲ್ಲಿ ಹತ್ತಿಸಬೇಕೆಂದರೆ ಎಚ್‌ಪಿ ಬೇಕೇ ಬೇಕು.

ಲೆಕ್ಕ ಹೀಗಿದೆ. ಟ್ರಕ್ಕು ಟ್ರೇಲರ್ ಸೇರಿ 13,000 ಪೌಂಡ್ ಇದ್ದು, ನೂರು ಅಡಿಗೆ ಆರು ಅಡಿ ಏರುವ ರಸ್ತೆಯಲ್ಲಿ 60 ಮೈಲಿ ವೇಗದಲ್ಲಿ ಹೋಗಲು ಏರುವ ಕೆಲಸಕ್ಕೇ ಸುಮಾರು 125 ಎಚ್‌ಪಿ ಬೇಕು. ಗಾಳಿಯನ್ನು ಸೀಳಲು ಮತ್ತು ಟೈರು ಉರುಳಲು ಇನ್ನೂ 70, 80. ಹತ್ತಿರ ಹತ್ತಿರ 200. ಇಂದಿನ ಯಾವ ದೊಡ್ಡ ಪಿಕಪ್ ಎಂಜಿನ್ನಿಗೂ ಇದು ಕಷ್ಟವಲ್ಲ. ಟಾರ್ಕ್ ಕೆಳ ಸುತ್ತಿನಲ್ಲೇ ಸಿಗುವ ಎಂಜಿನ್ ಈ 200ನ್ನು ನಿಮಿಷಕ್ಕೆ 2,500 ಸುತ್ತಿನಲ್ಲಿ ಸದ್ದಿಲ್ಲದೆ ಕೊಡುತ್ತದೆ. ಇಲ್ಲದ್ದು 4,500 ಸುತ್ತಿಗೆ ಏರಿ ಕಿರುಚಿ ಕೊಡುತ್ತದೆ. ಕಿರುಚಿದರೆ ಎಂಜಿನ್ ಹಾಳಾಗುವುದಿಲ್ಲ. ಪಕ್ಕದಲ್ಲಿ ಕುಳಿತವರು ಗಾಬರಿಯಾಗುತ್ತಾರೆ, ಅಷ್ಟೇ.

ಫೋರ್ಡ್ ಎಫ್-150 ಒಂದರಲ್ಲೇ ನಾಲ್ಕು ಎಂಜಿನ್ ಇವೆ. ಯಾವುದು ಯಾರಿಗೆ?

ಹೆಚ್ಚು ಜನ ಕೇಳುವುದು ಇದನ್ನೇ ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅಂಕಿಗಳು 2021ರ ಮಾದರಿಯವು. ಮೈಲೇಜ್ ಹಿಂಚಕ್ರ ಮಾತ್ರ ತಿರುಗುವ ಟ್ರಕ್ಕಿಗೆ ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಟ್ಟ ಸರಾಸರಿ. ನಾಲ್ಕು ಚಕ್ರವೂ ತಿರುಗುವ ಟ್ರಕ್ಕಾದರೆ ಸ್ವಲ್ಪ ಕಡಿಮೆ.

2.7 ಲೀಟರ್ ಇಕೋಬೂಸ್ಟ್ ವಿ6 (ಆರು ಸಿಲಿಂಡರ್): 325 ಎಚ್‌ಪಿ, 400 ಪೌಂಡ್-ಅಡಿ ಟಾರ್ಕ್, ಗ್ಯಾಲನ್‌ಗೆ 22 ಮೈಲಿ. ಕಾಗದದ ಮೇಲೆ ಎಲ್ಲಕ್ಕಿಂತ ಸಣ್ಣದು, ನನ್ನ ಪ್ರಕಾರ ಹೆಚ್ಚಿನ ಕುಟುಂಬಗಳಿಗೆ ಇದೇ ಸರಿ. ತುಂಬಿದ ತೂಕ 5,500, ಬಹಳವೆಂದರೆ 6,000 ಪೌಂಡ್‌ವರೆಗಿನ ಟ್ರೇಲರ್, ವರ್ಷಕ್ಕೆ ನಾಲ್ಕಾರು ಪ್ರವಾಸ ಎಂಬವರು ಧೈರ್ಯವಾಗಿ ತೆಗೆದುಕೊಳ್ಳಿ. ಇದಕ್ಕಿಂತ ದೊಡ್ಡ ಎಂಜಿನ್‌ಗಳಿಗೆ ಹೆಚ್ಚಾಗಿ ಕೊಡುವ ದುಡ್ಡನ್ನು ಒಳ್ಳೆಯ ಹಿಚ್ಚಿಗೆ ಹಾಕಿ.

3.5 ಲೀಟರ್ ಇಕೋಬೂಸ್ಟ್ ವಿ6: 400 ಎಚ್‌ಪಿ, 500 ಪೌಂಡ್-ಅಡಿ, 20 ಮೈಲಿ. ಈಗ ನಾನು ಓಡಿಸುತ್ತಿರುವುದು ಇದು. 7,000ದಿಂದ 9,000 ಪೌಂಡ್ ಎಳೆಯುವವರಿಗೆ, ಅದರಲ್ಲೂ ಬೆಟ್ಟದ ನಾಡಿನವರಿಗೆ ಹೇಳಿ ಮಾಡಿಸಿದ ಎಂಜಿನ್.

5.0 ಲೀಟರ್ ವಿ8: 400 ಎಚ್‌ಪಿ, 410 ಪೌಂಡ್-ಅಡಿ. ಇಕೋಬೂಸ್ಟ್‌ಗಳಲ್ಲಿ ಇರುವ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ, ಇದರಲ್ಲಿ ಇಲ್ಲ. ಮೈಲೇಜ್ 3.5ಕ್ಕೆ ಹೆಚ್ಚುಕಡಿಮೆ ಸಮ. ಟೆಕ್ಸಸ್, ಫ್ಲಾರಿಡಾದಂಥ ಸಮತಟ್ಟಾದ ಕಡೆ ಇರುವವರು, ಹತ್ತು ಹದಿನೈದು ವರ್ಷ ಅದೇ ಟ್ರಕ್ ಇಟ್ಟುಕೊಳ್ಳುವವರು ಇದನ್ನು ಇಷ್ಟಪಡುತ್ತಾರೆ. ಟರ್ಬೊ, ಅದರ ಪೈಪು, ಅದರ ಶಾಖ ಯಾವುದೂ ಇಲ್ಲದ ನಿರಾಳ ಎಂಜಿನ್ ಇದು.

ಪವರ್‌ಬೂಸ್ಟ್ ಹೈಬ್ರಿಡ್: 3.5ಕ್ಕೇ ವಿದ್ಯುತ್ ಮೋಟಾರು ಮತ್ತು 1.5 ಕಿಲೋವ್ಯಾಟ್-ಗಂಟೆಯ ಸಣ್ಣ ಬ್ಯಾಟರಿ ಸೇರಿಸಿದ್ದು. 430 ಎಚ್‌ಪಿ, 570 ಪೌಂಡ್-ಅಡಿ, 25 ಮೈಲಿ. ಅದರ ಬಗ್ಗೆ ಕೆಳಗೆ ಬೇರೆಯಾಗಿ ಹೇಳಿದ್ದೇನೆ.

ಎತ್ತರದ ಬೆಟ್ಟಗಳಲ್ಲಿ ವಿ8ಗಿಂತ ಟರ್ಬೊ ವಿ6 ಮೇಲು ಎನ್ನುತ್ತಾರೆ. ನಿಜವೇ?

ನಿಜ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಯ ಮೇಲಿದೆ. ಆ ಸುರಂಗದ ಬಾಯಿಗೆ ಬರುವ ಹೊತ್ತಿಗೆ 400 ಎಚ್‌ಪಿಯ ವಿ8 ಸುಮಾರು 270ಕ್ಕೆ ಇಳಿದಿರುತ್ತದೆ. ಟರ್ಬೊ ಇರುವ ಎಂಜಿನ್ ತೆಳು ಗಾಳಿಯನ್ನೇ ಒತ್ತಿ ತುಂಬಿಕೊಳ್ಳುವುದರಿಂದ ಈ ನಷ್ಟದ ಹೆಚ್ಚಿನ ಪಾಲನ್ನು ತುಂಬಿಕೊಳ್ಳುತ್ತದೆ.

ಹಾಗೆಂದು ವಿ8 ಆ ಏರನ್ನು ಹತ್ತುವುದಿಲ್ಲ ಎಂದಲ್ಲ. ಮೇಲಿನ ಲೆಕ್ಕದ 200 ಎಚ್‌ಪಿ ಅದರಲ್ಲಿ ಆಗಲೂ ಇದೆ. ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ 45ರಲ್ಲಿ ಹೋಗುವ ತಾಳ್ಮೆ ಇದ್ದರೆ ಸಾಕು. ಆದರೆ ಪ್ರತಿ ಬೇಸಿಗೆಯೂ ಈ ಬೆಟ್ಟಗಳಲ್ಲೇ ಕಳೆಯುವವರು ಟರ್ಬೊ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ಎಳೆಯುವ ಸಾಮರ್ಥ್ಯ ಅಳೆಯಲು ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಮಾಡಿದ ಜೆ2807 ಎಂಬ ಮಾನದಂಡವಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿಯ ಏರನ್ನು ಸುಡುಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಕಠಿಣ ಪರೀಕ್ಷೆಯೇ. ಆದರೆ ಅದು ನಮ್ಮ ಎತ್ತರದ ಪರೀಕ್ಷೆಯಲ್ಲ. ಆ ರಸ್ತೆ ಶುರುವಾಗುವುದು ಕೊಲರಾಡೋ ನದಿಯ ದಡದ ತಗ್ಗಿನಲ್ಲಿ.

ಊರಿನಲ್ಲಿ ಡೀಸೆಲ್ ಗಾಡಿ ಎಂದರೆ ಉಳಿತಾಯ. ಇಲ್ಲಿಯೂ ಡೀಸೆಲ್ ತೆಗೆದುಕೊಳ್ಳಬಹುದಲ್ಲ?

ಇಲ್ಲಿ ಆ ಗಣಿತ ತಲೆಕೆಳಗು. ನಾವೆಲ್ಲ ಬೆಳೆದದ್ದು ಡೀಸೆಲ್ ಪೆಟ್ರೋಲಿಗಿಂತ ಅಗ್ಗ ಎಂಬ ಕಾಲದಲ್ಲಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ. ಲೆಕ್ಕ ಹಾಕೋಣ. ವರ್ಷಕ್ಕೆ 15,000 ಮೈಲಿ ಖಾಲಿ ಓಡಾಟ. ಪೆಟ್ರೋಲ್ ಟ್ರಕ್ಕು 20 ಮೈಲಿ, ಡೀಸೆಲ್ ಟ್ರಕ್ಕು 25 ಮೈಲಿ ಕೊಡುತ್ತದೆ ಎಂದುಕೊಳ್ಳಿ. ಪೆಟ್ರೋಲ್ ಗ್ಯಾಲನ್‌ಗೆ 3.20 ಡಾಲರ್, ಡೀಸೆಲ್ 3.90 ಇದ್ದರೆ ಒಂದರ ಖರ್ಚು 2,400, ಇನ್ನೊಂದರದ್ದು 2,340. ವರ್ಷವಿಡೀ ಓಡಿಸಿ ಉಳಿದದ್ದು 60 ಡಾಲರ್. ಹೊಗೆ ಶುದ್ಧ ಮಾಡಲು ಹಾಕುವ ಡೆಫ್ ದ್ರವ ಅದನ್ನೂ ನುಂಗುತ್ತದೆ. ಈ ವಾರದ ನಿಮ್ಮ ಊರಿನ ದರ ಹಾಕಿ ನೀವೇ ಒಮ್ಮೆ ಲೆಕ್ಕ ಮಾಡಿ.

ಎಳೆಯುವಾಗ ಮಾತ್ರ ಡೀಸೆಲ್ ತನ್ನ ಗುಣ ತೋರಿಸುತ್ತದೆ. ನನ್ನ ಟ್ರೇಲರ್‌ನಷ್ಟೇ ದೊಡ್ಡದನ್ನು ಶೆವ್ರೊಲೆ ಸಿಲ್ವೆರಾಡೋದ 3.0 ಡ್ಯೂರಾಮ್ಯಾಕ್ಸ್ ಡೀಸೆಲ್‌ನಲ್ಲಿ ಎಳೆಯುವ ಗೆಳೆಯರಿಗೆ 13 ಮೈಲಿ ಬರುತ್ತದೆ. ಅದೇ ದಾರಿಯಲ್ಲಿ ನನಗೆ 9. ವರ್ಷಕ್ಕೆ 5,000 ಮೈಲಿ ಎಳೆದರೆ ಮೇಲಿನ ದರದಲ್ಲೇ ಅವರಿಗೆ ಸುಮಾರು 280 ಡಾಲರ್ ಉಳಿಯುತ್ತದೆ. ಒಮ್ಮೆ ಟ್ಯಾಂಕ್ ತುಂಬಿಸಿದರೆ ಅವರು ನಿಲ್ಲದೆ ಯೂಟಾ ಗಡಿ ದಾಟುತ್ತಾರೆ, ನಾನು ಟ್ರೇಲರ್ ಹಿಂದೆ ಕಟ್ಟಿಕೊಂಡು ಇಕ್ಕಟ್ಟಾದ ಪೆಟ್ರೋಲ್ ಬಂಕ್ ಹುಡುಕುತ್ತಿರುತ್ತೇನೆ. ಆ ನಿರಾಳ ನನಗೆ 280 ಡಾಲರಿಗಿಂತ ದೊಡ್ಡದಾಗಿ ಕಾಣುತ್ತದೆ.

ಈ ಡ್ಯೂರಾಮ್ಯಾಕ್ಸ್ ಎಂಜಿನ್ 2023ರಿಂದ 305 ಎಚ್‌ಪಿ, 495 ಪೌಂಡ್-ಅಡಿ ಕೊಡುತ್ತದೆ. ಡೀಸೆಲ್ ಯಾರಿಗೆ ಬೇಡ ಎಂದರೆ, ದಿನವೂ ಎರಡು ಮೂರು ಮೈಲಿ ಮಾತ್ರ ಓಡಿಸುವವರಿಗೆ. ಹೊಗೆಯ ಮಸಿ ಹಿಡಿದಿಡುವ ಜಾಲರಿ ತಾನೇ ಸುಟ್ಟು ಶುದ್ಧವಾಗಬೇಕಾದರೆ ಎಂಜಿನ್ ಚೆನ್ನಾಗಿ ಕಾಯ್ದು ಹೆದ್ದಾರಿಯಲ್ಲಿ ಓಡಬೇಕು. ಶಾಲೆ, ಅಂಗಡಿ, ಮನೆ ಎಂಬ ಸುತ್ತಿನಲ್ಲೇ ಬಳಸಿದರೆ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಹಗುರ ಪಿಕಪ್‌ಗಳಲ್ಲಿ ಆಯ್ಕೆಯೂ ಕಡಿಮೆಯಾಗಿದೆ: ಫೋರ್ಡ್ ತನ್ನ 3.0 ಡೀಸೆಲ್ಲನ್ನು 2021ರಲ್ಲಿ ನಿಲ್ಲಿಸಿತು, ರ‍್ಯಾಮ್ ತನ್ನ ಇಕೋಡೀಸೆಲ್ಲನ್ನು 2023ರಲ್ಲಿ.

ಎಳೆಯುವಾಗ ಮೈಲೇಜ್ ಎಷ್ಟು ಬರುತ್ತದೆ? ಯಾವ ಪೆಟ್ರೋಲ್ ಎಂಜಿನ್ ಹೆಚ್ಚು ಕೊಡುತ್ತದೆ?

ಪೆಟ್ಟಿಗೆಯಾಕಾರದ ಟ್ರೇಲರ್ ಕಟ್ಟಿದ ಮೇಲೆ ಪೆಟ್ರೋಲ್ ಎಂಜಿನ್‌ಗಳ ನಡುವಿನ ವ್ಯತ್ಯಾಸ ಬಹುತೇಕ ಅಳಿಸಿಹೋಗುತ್ತದೆ. ಯಾವುದಾದರೂ 8ರಿಂದ 11 ಮೈಲಿ ಎಂದುಕೊಳ್ಳಿ. ಎಂಟಡಿ ಅಗಲ, ಹತ್ತಡಿ ಎತ್ತರದ ಗೋಡೆಯನ್ನು ಗಾಳಿಗೆ ಎದುರಾಗಿ ತಳ್ಳಿಕೊಂಡು ಹೋಗುವ ಕೆಲಸ ಅದು. ಎಂಜಿನ್ ಸಣ್ಣದಾದರೂ ದೊಡ್ಡದಾದರೂ ಗೋಡೆ ಅದೇ.

ಇಲ್ಲಿ ನಿಮ್ಮ ಕೈಯಲ್ಲಿರುವುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರ ಬದಲು 70ರಲ್ಲಿ ಹೋದರೆ ತಡೆ ನೂರಕ್ಕೆ 36 ಹೆಚ್ಚು. 75ರಲ್ಲಿ ಹೋದರೆ 56 ಹೆಚ್ಚು. ನನ್ನ ಡೈರಿಯಲ್ಲಿ ಬರೆದಿಟ್ಟಿರುವಂತೆ ನೆಬ್ರಾಸ್ಕಾದ ಬಯಲಿನಲ್ಲಿ 62ರಲ್ಲಿ ಹೋದಾಗ 10.5 ಮೈಲಿ, ಮರಳುವಾಗ ಎದುರುಗಾಳಿಯೇ ಇಲ್ಲದ ದಿನ 72ರಲ್ಲಿ ಹೋದಾಗ 8. ಎಂಜಿನ್ ಬದಲಿಸಿ ಇಷ್ಟು ವ್ಯತ್ಯಾಸ ತರಲು ಸಾವಿರಾರು ಡಾಲರ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನೇ 55 ಮೈಲಿಯ ಮಿತಿ ಹಾಕಿದೆ. ಅಲ್ಲಿನ ಗೆಳೆಯರು ನನಗಿಂತ ಒಳ್ಳೆಯ ಮೈಲೇಜ್ ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಹೈಬ್ರಿಡ್‌ಗೆ ಹೆಚ್ಚು ದುಡ್ಡು ಕೊಡುವುದು ದಂಡವೇ?

ಎಳೆಯುವ ಮೈಲೇಜಿಗಾಗಿ ಕೊಡುವುದಾದರೆ ಹೌದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಭಾರ ಎಳೆಯುವಾಗ ಸಣ್ಣ ಬ್ಯಾಟರಿ ಮಾಡಬಹುದಾದ ಸಹಾಯ ಕಡಿಮೆ. ಅದು ಉಳಿಸುವುದು ಊರೊಳಗೆ, ನಿಂತು ಹೊರಡುವ ಓಡಾಟದಲ್ಲಿ. 15,000 ಮೈಲಿಗೆ 20ರ ಬದಲು 25 ಮೈಲಿ ಬಂದರೆ 150 ಗ್ಯಾಲನ್ ಉಳಿಯುತ್ತದೆ, ಅದು ಸಣ್ಣ ಮೊತ್ತವಲ್ಲ. ದಿನವೂ ನಗರದ ಟ್ರಾಫಿಕ್‌ನಲ್ಲಿ ಓಡಿಸುವವರು ಖಂಡಿತ ಯೋಚಿಸಿ.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಟ್ರಕ್ಕಿನ ಹಿಂಬದಿಯ ವಿದ್ಯುತ್ ಪ್ಲಗ್ಗುಗಳು. 2.4 ಕಿಲೋವ್ಯಾಟ್ ಸಾಮಾನ್ಯ, 7.2 ಬೇಕೆಂದರೆ ಹೆಚ್ಚು ದುಡ್ಡು ಕೊಟ್ಟು ಪಡೆಯಬಹುದು. ಕಾಡಿನ ನಡುವೆ ಜನರೇಟರ್ ಇಲ್ಲದೆ ಅನ್ನದ ಕುಕ್ಕರೂ ಟ್ರೇಲರ್‌ನ ಎ.ಸಿ.ಯೂ ನಡೆಯುತ್ತವೆ. ಆದರೆ ಬ್ಯಾಟರಿ, ಮೋಟಾರುಗಳ ತೂಕದಿಂದ ಹಳದಿ ಚೀಟಿಯ ಅಂಕಿ ಇಳಿಯುತ್ತದೆ. ದುಬಾರಿ ಮಾದರಿಯ ಹೈಬ್ರಿಡ್ ಕೊಂಡು ಐದು ಜನರ ಕುಟುಂಬ, 7,000 ಪೌಂಡ್ ಟ್ರೇಲರ್ ಎಂದರೆ ಬಾಗಿಲು ತೆರೆದು ಚೀಟಿ ಓದದೆ ಸಹಿ ಹಾಕಬೇಡಿ.

3.31, 3.55, 3.73 ಎಂದೆಲ್ಲ ಕೇಳುತ್ತಾರೆ. ಏನದು?

ಹಿಂದಿನ ಆಕ್ಸಲ್‌ನ ಗೇರಿನ ಅನುಪಾತ. ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಎಂಜಿನ್ ಸುತ್ತುವುದೂ ಹೆಚ್ಚು. ಸೈಕಲ್ಲಿನಲ್ಲಿ ಏರು ಬಂದಾಗ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಿದಂತೆ. ಒಂದೇ ಎಂಜಿನ್ ಇದ್ದರೂ ಇದೊಂದು ಬದಲಾದರೆ ಎಳೆಯುವ ಮಿತಿ ಸಾವಿರಗಟ್ಟಲೆ ಪೌಂಡ್ ಬದಲಾಗಬಹುದು. ಈಗಿನ ಹತ್ತು ಗೇರುಗಳ ಪೆಟ್ಟಿಗೆಯಲ್ಲಿ ಖಾಲಿ ಓಡಾಟದ ಮೈಲೇಜಿಗೆ ಬೀಳುವ ಪೆಟ್ಟು ಸಣ್ಣದು. 3.55 ಸಿಕ್ಕರೆ ತೆಗೆದುಕೊಳ್ಳಿ.

ಯಾವ ಪೆಟ್ರೋಲ್ ಹಾಕಿಸಬೇಕು?

ಕೊಲರಾಡೋದ ಬಂಕುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು 85 ಆಕ್ಟೇನ್ (ಒತ್ತಡದಲ್ಲಿ ಪೆಟ್ರೋಲ್ ತಾನೇ ಸಿಡಿಯದಿರುವ ಗುಣದ ಅಂಕಿ). ಹೊರ ರಾಜ್ಯದಿಂದ ಬಂದವರು ಅಗ್ಗದ್ದೆಲ್ಲ 87 ಎಂದುಕೊಂಡು ಅದನ್ನೇ ತುಂಬಿಸುತ್ತಾರೆ. ಟರ್ಬೊ ಎಂಜಿನ್‌ಗೆ ಅದು ಬೇಡ. ತೆಳು ಗಾಳಿಯಲ್ಲಿ 85 ನಡೆಯುತ್ತದೆ ಎಂಬ ಹಳೆಯ ಲೆಕ್ಕ ಟರ್ಬೊ ಇಲ್ಲದ ಕಾಲದ್ದು. ದಿನನಿತ್ಯಕ್ಕೆ 87, ಬಿಸಿಲಿನಲ್ಲಿ ಟ್ರೇಲರ್ ಎಳೆಯುವ ದಿನ 91. ಕಡಿಮೆ ಆಕ್ಟೇನಿನಲ್ಲಿ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಕಿಡಿ ಹಾರಿಸುವ ಹೊತ್ತನ್ನು ಹಿಂದೂಡುತ್ತದೆ, ಆಗ ಶಕ್ತಿಯೂ ಮೈಲೇಜೂ ಇಳಿಯುತ್ತವೆ.

ಏರುವುದು ಸರಿ, ಇಳಿಯುವಾಗ?

ಏರುವುದಕ್ಕಿಂತ ಇಳಿಯುವುದರ ಬಗ್ಗೆ ಹೆಚ್ಚು ಜನ ಕೇಳಬೇಕಿತ್ತು. ಐಸೆನ್‌ಹೋವರ್ ಸುರಂಗ ದಾಟಿ ಪಶ್ಚಿಮಕ್ಕೆ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಗಾಜು ಮುಚ್ಚಿದ್ದರೂ ಒಳಗೆ ಬರುತ್ತದೆ. ಬ್ರೇಕ್ ಕೈಕೊಟ್ಟ ಲಾರಿಗಳು ಓಡಿ ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಜಲ್ಲಿ ಸುರಿದ ದಾರಿಗಳನ್ನೇ ಮಾಡಿದ್ದಾರೆ.

ನಮ್ಮ ಘಟ್ಟದ ಚಾಲಕರು ಹೇಳುವ ಮಾತು ಇಲ್ಲಿಗೂ ಸರಿ: ಹತ್ತಿದ ಗೇರಿನಲ್ಲೇ ಇಳಿ. ಟೋ-ಹಾಲ್ ಎಂಬ, ಭಾರ ಎಳೆಯುವಾಗ ಬಳಸುವ ಗುಂಡಿ ಒತ್ತಿದರೆ ಗೇರುಪೆಟ್ಟಿಗೆ ತಾನೇ ಕೆಳಗಿನ ಗೇರಿಗೆ ಬಂದು ಎಂಜಿನ್‌ನಿಂದ ವೇಗ ಹಿಡಿಯುತ್ತದೆ. ಈ ವಿಷಯದಲ್ಲಿ ದೊಡ್ಡ ವಿ8 ಸಣ್ಣ ಟರ್ಬೊಗಿಂತ ಮೇಲು. ಹೊಗೆ ಕೊಳವೆ ಬಿಗಿಹಿಡಿಯುವ ಬ್ರೇಕ್ ಇರುವ ಡೀಸೆಲ್ ಇನ್ನೂ ಮೇಲು. 2.7ನಲ್ಲಿ ಬೆಟ್ಟ ಇಳಿಯುವವರು ತುದಿಯಲ್ಲೇ ವೇಗ ಇಳಿಸಿ ಹೊರಡಿ. ಟ್ರೇಲರ್‌ಗೆ ಅದರದ್ದೇ ಬ್ರೇಕ್, ಕೈಗೆಟುಕುವಲ್ಲಿ ಅದರ ನಿಯಂತ್ರಕ ಇರಲೇಬೇಕು. 3,000 ಪೌಂಡ್ ದಾಟಿದರೆ ಹಲವು ರಾಜ್ಯಗಳಲ್ಲಿ ಕಾನೂನೂ ಅದನ್ನೇ ಹೇಳುತ್ತದೆ.

ಬೇರೆ ಕಂಪನಿಗಳ ಎಂಜಿನ್ ಬಗ್ಗೆ ಎರಡು ಮಾತು?

ಟೊಯೋಟಾ ಟಂಡ್ರಾ 2022ರಿಂದ ವಿ8 ಬಿಟ್ಟು ಜೋಡಿ ಟರ್ಬೊದ ವಿ6 ಮಾತ್ರ ಕೊಡುತ್ತಿದೆ: 389 ಎಚ್‌ಪಿ, ಹೈಬ್ರಿಡ್ ಆದರೆ 437. ರ‍್ಯಾಮ್ 1500ರಲ್ಲಿ 2025ಕ್ಕೆ ಹೆಮಿ ವಿ8 ಜಾಗಕ್ಕೆ ಹರಿಕೇನ್ ಎಂಬ, ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಟರ್ಬೊ ಎಂಜಿನ್ ಬಂತು, ಗ್ರಾಹಕರ ಒತ್ತಾಯಕ್ಕೆ 2026ರಲ್ಲಿ ಹೆಮಿ ಮರಳಿತು. ಸಿಲ್ವೆರಾಡೋದ 5.3 ವಿ8 355 ಎಚ್‌ಪಿಯದು, ಹಗುರ ಟ್ರೇಲರ್‌ಗೆ ಸಾಕು. ಅದರ 2.7 ಟರ್ಬೊ ನಾಲ್ಕೇ ಸಿಲಿಂಡರ್ ಎಂದು ಜನ ಮೂಗು ಮುರಿಯುತ್ತಾರೆ. 430 ಪೌಂಡ್-ಅಡಿ ಟಾರ್ಕ್ ಇದೆ, 5.3ಕ್ಕಿಂತಲೂ ಹೆಚ್ಚು.

9,000, 10,000 ಪೌಂಡ್ ದಾಟಿದರೆ ಇವೆಲ್ಲವನ್ನೂ ಬಿಟ್ಟು ಎಫ್-250, ರ‍್ಯಾಮ್ 2500ರಂಥ ಇನ್ನೂ ದೊಡ್ಡ ಪಿಕಪ್‌ಗಳ ವರ್ಗಕ್ಕೆ ಹೋಗಿ. ಅವುಗಳ ಗಾಜಿನ ಮೇಲೆ ಇಪಿಎ ಮೈಲೇಜ್ ಚೀಟಿ ಇರುವುದಿಲ್ಲ. ಟ್ರಕ್ಕಿನ ಒಟ್ಟು ತೂಕದ ಮಿತಿ 8,500 ಪೌಂಡ್ ಮೀರಿದರೆ ಅದರ ಅಗತ್ಯವಿಲ್ಲ.

ನಮ್ಮದು ಸಣ್ಣ ಟ್ರೇಲರ್, 2,000 ಪೌಂಡ್ ಒಳಗೆ. ಇಷ್ಟೆಲ್ಲ ಬೇಕೇ?

ಬೇಡ. ಫೋರ್ಡ್ ಮೇವರಿಕ್ ಹೈಬ್ರಿಡ್ ನೋಡಿ: 2.5 ಲೀಟರ್, 191 ಎಚ್‌ಪಿ, 2,000 ಪೌಂಡ್ ಎಳೆಯುತ್ತದೆ, ಮೊದಲ ವರ್ಷಗಳ ಮುಂಚಕ್ರ ಮಾದರಿಗೆ ಊರೊಳಗೆ ಇಪಿಎ ಲೆಕ್ಕದಲ್ಲಿ 42 ಮೈಲಿ. 4,000 ಪೌಂಡ್ ಬೇಕಾದರೆ ಅದರಲ್ಲೇ 2.0 ಟರ್ಬೊಗೆ ಎಳೆಯುವ ಪ್ಯಾಕೇಜು ಸಿಗುತ್ತದೆ.

ಹಳೆಯ ಟ್ರಕ್ ಕೊಳ್ಳುವವರು ಏನು ನೋಡಬೇಕು?

ಗಾಡಿಯ ಗುರುತಾದ ಹದಿನೇಳು ಅಕ್ಷರ-ಅಂಕಿಗಳ ವಿನ್ ಸಂಖ್ಯೆಯನ್ನು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಬಾಕಿ ಇದೆಯೇ ನೋಡಿ. ಜನರಲ್ ಮೋಟಾರ್ಸ್‌ನ 6.2 ಲೀಟರ್ ವಿ8 ಇರುವ 2021ರಿಂದ 2024ರವರೆಗಿನ ಸುಮಾರು ಆರು ಲಕ್ಷ ವಾಹನಗಳು ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಬೇರಿಂಗ್ ದೋಷಕ್ಕಾಗಿ 2025ರಲ್ಲಿ ರೀಕಾಲ್ ಆದವು. ಟಂಡ್ರಾದ 2022, 23ರ ಎಂಜಿನ್‌ಗಳೂ ಒಳಗೆ ಲೋಹದ ಚೂರು ಉಳಿದ ಕಾರಣಕ್ಕೆ 2024ರಲ್ಲಿ ರೀಕಾಲ್ ಆದವು. ಕೆಲಸ ಮುಗಿದ ದಾಖಲೆ ಕೇಳಿ ಪಡೆಯಿರಿ.

2017ರಿಂದ 2020ರ 3.5 ಇಕೋಬೂಸ್ಟ್ ನೋಡಲು ಹೋಗುವವರು ಬೆಳಿಗ್ಗೆಯೇ ಹೋಗಿ, ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ, ನೀವೇ ಸ್ಟಾರ್ಟ್ ಮಾಡಿ. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಎರಡು ಮೂರು ಸೆಕೆಂಡ್ ಕೇಳಿ ನಿಂತರೆ ಅದು ಎಂಜಿನ್ ಕವಾಟ ತೆರೆಯುವ ಹೊತ್ತನ್ನು ಹೊಂದಿಸುವ ಕ್ಯಾಮ್ ಫೇಸರ್ ಎಂಬ ಭಾಗದ ದೋಷ. ನೀವು ತಲುಪುವ ಮೊದಲೇ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೊರಟುಬಿಡಿ.

ಹೊಸ ಟ್ರಕ್ ಕೊಂಡ ವಾರವೇ ಪ್ರವಾಸ ಇದೆ. ಎಳೆಯಬಹುದೇ?

ಬೇಡ. ಮೊದಲ 500ರಿಂದ 1,000 ಮೈಲಿ ಎಳೆಯಬಾರದು ಎಂದು ಕೈಪಿಡಿಗಳು ಹೇಳುತ್ತವೆ, ನಿಮ್ಮ ಕೈಪಿಡಿಯ ಅಂಕಿ ನೋಡಿಕೊಳ್ಳಿ. ಪ್ರವಾಸವನ್ನು ಮುಂದೂಡಲು ಆಗದಿದ್ದರೆ ಟ್ರಕ್ಕನ್ನು ಒಂದು ತಿಂಗಳು ಮೊದಲೇ ಕೊಳ್ಳಿ.

ಡೀಲರ್ ಬಳಿ ಹೋಗುವ ದಿನ ಕೈಯಲ್ಲಿ ಏನಿರಬೇಕು?

ಟ್ರೇಲರ್‌ನ ತುಂಬಿದ ತೂಕ ಮತ್ತು ಮೂತಿಭಾರ ಬರೆದ ಚೀಟಿ. ಮನೆಯವರೆಲ್ಲರ ತೂಕದ ಮೊತ್ತ. ವರ್ಷದಲ್ಲಿ ಎಳೆಯುವ ಮೈಲಿ, ಖಾಲಿ ಓಡಿಸುವ ಮೈಲಿ. ಮಾರಾಟಗಾರ ಮಾತು ಶುರು ಮಾಡುವ ಮೊದಲೇ ಚಾಲಕನ ಬಾಗಿಲು ತೆರೆದು ಹಳದಿ ಚೀಟಿಯ ಫೋಟೊ ತೆಗೆದುಕೊಳ್ಳಿ. ಸಾಧ್ಯವಾದರೆ ನಿಮ್ಮ ಟ್ರೇಲರ್ ಕಟ್ಟಿಯೇ ಓಡಿಸಿ ನೋಡಲು ಕೇಳಿ, ಕೆಲವರು ಒಪ್ಪುತ್ತಾರೆ. ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿ, ಒಂದು ಏರು, ಒಂದು ಇಳಿಜಾರು ಓಡಿಸಿ. ಇಳಿದ ಮೇಲೆ ಹಿಂದೆ ಕುಳಿತವರನ್ನು ಹೇಗಿತ್ತು ಎಂದು ಕೇಳಿ. ಈಗಿನ ಟ್ರಕ್ಕಿನಲ್ಲಿ ಅಪ್ಪ ಸೀಟು ಹಿಡಿದುಕೊಳ್ಳುವುದಿಲ್ಲ. ಸುರಂಗದ ಆಚೆ ಸಿಗುವ ಸಿಲ್ವರ್‌ಥಾರ್ನ್ ಊರು ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ.